ಗುದ್ದಿದವರಿಗೆ ವಿಮೆ ಇಲ್ಲದಿದ್ದರೆ: ಅಮೆರಿಕದ ಕಾರು ಪಾಲಿಸಿಯಲ್ಲಿ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್ ಪಡೆಯುವ ಮತ್ತು ಬಳಸುವ ಬಗೆ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ವರ್ಷಗಟ್ಟಲೆ ಕಾರು ಓಡಿಸಿದವರು ಅಮೆರಿಕಕ್ಕೆ ಬಂದು ಮೊದಲ ಕಾರು ಕೊಂಡಾಗ, ವಿಮೆಯ ಬಗ್ಗೆ ಊರಿನಲ್ಲಿದ್ದ ತಿಳಿವಳಿಕೆಯನ್ನೇ ಇಲ್ಲಿಯೂ ನೆಚ್ಚಿಕೊಳ್ಳುವುದು ಸಹಜ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಪಘಾತದಲ್ಲಿ ಮೂರನೆಯವರು ಸತ್ತರೆ ಅಥವಾ ಗಾಯಗೊಂಡರೆ ನ್ಯಾಯಮಂಡಳಿ ನಿಗದಿ ಮಾಡುವ ಪರಿಹಾರಕ್ಕೆ ಆ ವಿಮೆಯಲ್ಲಿ ಮೇಲ್ಮಿತಿ ಇರುವುದಿಲ್ಲ. ಅಮೆರಿಕದಲ್ಲಿ ಹಾಗಿಲ್ಲ. ಇಲ್ಲಿ ಪ್ರತಿಯೊಂದು ಲಯಬಿಲಿಟಿ ಪಾಲಿಸಿಗೂ, ಅಂದರೆ ನಿಮ್ಮಿಂದ ಬೇರೆಯವರಿಗೆ ಆದ ನಷ್ಟವನ್ನು ತುಂಬುವ ವಿಮೆಗೂ, ಒಂದು ಮಿತಿ ಇರುತ್ತದೆ, ಕಾನೂನು ಕೇಳುವ ಕನಿಷ್ಠ ಮಿತಿ ತೀರ ಸಣ್ಣದು, ಮತ್ತು ಆ ಸಣ್ಣ ಪಾಲಿಸಿಯೂ ಇಲ್ಲದೆ ರಸ್ತೆಗಿಳಿಯುವವರು ಕಡಿಮೆಯೇನಿಲ್ಲ. ಇನ್ಶೂರೆನ್ಸ್ ರಿಸರ್ಚ್ ಕೌನ್ಸಿಲ್‌ನ ಅಂದಾಜಿನಂತೆ 2022ರಲ್ಲಿ ಅಮೆರಿಕದ ಚಾಲಕರಲ್ಲಿ ಶೇ 14ರಷ್ಟು, ಅಂದರೆ ಏಳು ಮಂದಿಯಲ್ಲಿ ಒಬ್ಬರು, ವಿಮೆ ಇಲ್ಲದೆ ಓಡಾಡುತ್ತಿದ್ದರು.

ಅಂಥವರೊಬ್ಬರು ಸಿಗ್ನಲ್ ದಾಟಿ ಬಂದು ನಿಮ್ಮ ಕಾರಿಗೆ ಗುದ್ದಿದರೆ, ತಪ್ಪು ಪೂರ್ತಿ ಅವರದೇ ಆಗಿದ್ದರೂ ನಿಮ್ಮ ಕೈಗೆ ಹಣ ಬರುವುದಿಲ್ಲ. ಕೋರ್ಟಿನಲ್ಲಿ ದಾವೆ ಹೂಡಿ ಗೆಲ್ಲಬಹುದು. ಆದರೆ ವಿಮೆಯ ಕಂತು ಕಟ್ಟಲಾರದ ಮನುಷ್ಯನಿಂದ ಲಕ್ಷ ಡಾಲರ್ ವಸೂಲು ಮಾಡುವುದು ಕಾಗದದ ಮೇಲಿನ ಮಾತಾಗಿ ಉಳಿಯುತ್ತದೆ. ಈ ಸಂದರ್ಭಕ್ಕೆಂದೇ ಇರುವುದು ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್. ಪಾಲಿಸಿಯ ಕಾಗದಗಳಲ್ಲಿ ಇದನ್ನು ಯುಎಂ ಎಂದು ಬರೆಯುತ್ತಾರೆ. ಗುದ್ದಿದವರ ವಿಮಾ ಕಂಪನಿ ಕೊಡಬೇಕಾಗಿದ್ದ ಪರಿಹಾರವನ್ನು ಅವರ ಸ್ಥಾನದಲ್ಲಿ ನಿಂತು ನಿಮ್ಮದೇ ಕಂಪನಿ ಕೊಡುತ್ತದೆ. ಆಸ್ಪತ್ರೆಯ ಖರ್ಚು ಮಾತ್ರವಲ್ಲ, ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಸಂಬಳ, ಮುಂದೆ ಬೇಕಾಗುವ ಚಿಕಿತ್ಸೆ, ಅನುಭವಿಸಿದ ನೋವು ಇವೆಲ್ಲವೂ ಇದರಲ್ಲಿ ಸೇರುತ್ತವೆ. ಗುದ್ದಿದವರಿಗೆ ವಿಮೆ ಇದ್ದು, ಅದರ ಮಿತಿ ನಿಮ್ಮ ನಷ್ಟಕ್ಕೆ ಸಾಲದೆ ಹೋದಾಗ ಕೆಲಸಕ್ಕೆ ಬರುವುದು ಇದರ ಜೊತೆಗಾರನಾದ ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್, ಅಂದರೆ ಯುಐಎಂ.

ಕಂಪನಿಯಲ್ಲಿ ಒಳ್ಳೆಯ ಆರೋಗ್ಯ ವಿಮೆ ಇದೆ, ಇದೇಕೆ ಬೇಕು ಎಂದು ಕೇಳುವವರು ಬಹಳ. ಆರೋಗ್ಯ ವಿಮೆ ವೈದ್ಯರ ಬಿಲ್ಲನ್ನಷ್ಟೇ ನೋಡಿಕೊಳ್ಳುತ್ತದೆ. ಆರು ತಿಂಗಳು ಕೀಬೋರ್ಡ್ ಮುಟ್ಟಲಾಗದಂತೆ ಕೈ ಮುರಿದುಕೊಂಡವರ ಸಂಬಳವನ್ನು ಅದು ಕೊಡುವುದಿಲ್ಲ, ಜೀವನಪೂರ್ತಿ ಉಳಿಯುವ ಊನಕ್ಕೆ ಅದರಲ್ಲಿ ಜಾಗವೇ ಇಲ್ಲ. ಕಾರು ಪಾಲಿಸಿಯಲ್ಲಿ ಲಯಬಿಲಿಟಿ ಭಾಗ ಬೇರೆಯವರಿಗಾಗಿ, ಕೊಲಿಷನ್ ಭಾಗ ಕಾರಿಗಾಗಿ. ತಪ್ಪು ಮಾಡದೆ ಗಾಯಗೊಂಡ ನಿಮಗೆ ಮತ್ತು ನಿಮ್ಮ ಮನೆಯವರಿಗೆ ಪೂರ್ಣ ಪರಿಹಾರ ದೊರಕಿಸುವ ಭಾಗ ಇದೊಂದೇ, ಮತ್ತು ಅಗ್ಗದ ಕೊಟೇಶನ್ ಹುಡುಕುವ ಭರದಲ್ಲಿ ಮೊದಲು ತೆಗೆದುಹಾಕುವುದೂ ಇದನ್ನೇ.

ಕಾನೂನು ಏನು ಹೇಳುತ್ತದೆ

ಕಾರು ವಿಮೆಯ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕಾನೂನು ಅಮೆರಿಕದಲ್ಲಿ ಇಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ. ಕೆಲವು ರಾಜ್ಯಗಳಲ್ಲಿ ಯುಎಂ ಕಡ್ಡಾಯ, ಅದಿಲ್ಲದೆ ಪಾಲಿಸಿಯನ್ನು ಮಾರುವಂತೆಯೇ ಇಲ್ಲ. ಇನ್ನು ಹಲವು ರಾಜ್ಯಗಳಲ್ಲಿ ಕಂಪನಿ ಅದನ್ನು ಕೊಡಲು ಮುಂದಾಗಲೇಬೇಕು, ಗ್ರಾಹಕರು ಬೇಡವೆಂದರೆ ಆ ನಿರಾಕರಣೆ ಲಿಖಿತವಾಗಿರಬೇಕು. ಮಿಷಿಗನ್‌ನಂತಹ ಕೆಲವೆಡೆ ಯುಎಂ ಪೂರ್ತಿಯಾಗಿ ಗ್ರಾಹಕರ ಇಚ್ಛೆಗೆ ಬಿಟ್ಟದ್ದು. ಹೀಗಾಗಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೆಲಸ ಬದಲಿಸಿ ಹೋಗುವವರು ಹಳೆಯ ಪಾಲಿಸಿಯ ಅಂಕಿಗಳನ್ನೇ ಹೊಸ ಊರಿನಲ್ಲಿ ನಕಲು ಮಾಡಬಾರದು.

ಕ್ಯಾಲಿಫೋರ್ನಿಯಾ ಎರಡನೆಯ ಗುಂಪಿಗೆ ಸೇರಿದ ರಾಜ್ಯ. ಅಲ್ಲಿನ ವಿಮಾ ಸಂಹಿತೆಯ 11580.2ನೇ ಕಲಮಿನ ಪ್ರಕಾರ ಲಯಬಿಲಿಟಿ ಪಾಲಿಸಿ ಮಾರುವ ಪ್ರತಿ ಕಂಪನಿಯೂ ಯುಎಂ ಮತ್ತು ಯುಐಎಂ ಸೇರಿಸಿಯೇ ಕೊಡಬೇಕು. ಗ್ರಾಹಕರು ಬರಹದಲ್ಲಿ ಬೇಡವೆಂದರೆ ಮಾತ್ರ ಬಿಡಬಹುದು. ಲಯಬಿಲಿಟಿಯ ಕನಿಷ್ಠ ಮಿತಿ ಅಲ್ಲಿ ಬಹುಕಾಲ 15/30/5 ಇತ್ತು, ಅಂದರೆ ಗಾಯಗೊಂಡ ಒಬ್ಬರಿಗೆ 15,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 30,000, ಆಸ್ತಿ ನಷ್ಟಕ್ಕೆ 5,000. ಅದು 2025ರ ಜನವರಿ 1ರಿಂದ 30/60/15ಕ್ಕೆ ಏರಿತು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ: ನಿಮ್ಮ ಲಯಬಿಲಿಟಿ 250/500 ಇದ್ದರೂ ಯುಎಂ ಅನ್ನು 30/60ಕ್ಕಿಂತ ಹೆಚ್ಚು ಕೊಡಲು ಮುಂದಾಗಬೇಕೆಂಬ ಒತ್ತಾಯ ಆ ಕಾನೂನಿನಲ್ಲಿ ಇಲ್ಲ. ಹೆಚ್ಚಿನ ಮಿತಿ ಬೇಕೆಂದರೆ ನೀವೇ ಕೇಳಬೇಕು.

ಟೆಕ್ಸಸ್‌ನಲ್ಲಿಯೂ ನಿರಾಕರಣೆ ಲಿಖಿತವಾಗಿರಬೇಕು. ಕನಿಷ್ಠ ಲಯಬಿಲಿಟಿ ಅಲ್ಲಿ 30/60/25. ವಾಷಿಂಗ್ಟನ್ ರಾಜ್ಯದಲ್ಲಿಯೂ ನಿರಾಕರಣೆ ಲಿಖಿತವಾಗಿರಬೇಕು. ಇಲಿನಾಯ್‌ನಲ್ಲಿ 25/50ರ ಯುಎಂ ಕಡ್ಡಾಯ, ಅದನ್ನು ಬಿಡುವ ದಾರಿಯೇ ಇಲ್ಲ. ಲಯಬಿಲಿಟಿ ಅದಕ್ಕಿಂತ ಹೆಚ್ಚಿದ್ದರೆ ಗ್ರಾಹಕರು ಬೇಡವೆಂದು ಬರೆದುಕೊಡದ ಹೊರತು ಯುಎಂ ಮಿತಿಯೂ ಅಷ್ಟೇ ಇರಬೇಕು. ನ್ಯೂಯಾರ್ಕ್‌ನಲ್ಲಿ ಗಾಯಕ್ಕೆ 25/50 ಮತ್ತು ಸಾವಿಗೆ 50/100ರ ಯುಎಂ ಕಡ್ಡಾಯವಾಗಿದೆ, ಆದರೆ ಇದು ತೀರ ತೆಳ್ಳನೆಯ ರಕ್ಷಣೆ; ಇದರ ಮೇಲೆ ಎಸ್‌ಯುಎಂ ಎಂಬ ಹೆಚ್ಚುವರಿ ಭಾಗವನ್ನು ಲಯಬಿಲಿಟಿಯಷ್ಟೇ ಮಿತಿಗೆ ಕೊಳ್ಳಬಹುದು. ಜೂನ್ 2018ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಅಲ್ಲಿನ ಹೊಸ ಪಾಲಿಸಿಗಳಲ್ಲಿ ಎಸ್‌ಯುಎಂ ತಾನಾಗಿಯೇ ಲಯಬಿಲಿಟಿಗೆ ಸಮನಾಗಿ ಬರುತ್ತದೆ, ಕಡಿಮೆ ಬೇಕೆಂದರೆ ಸಹಿ ಮಾಡಿ ತಿಳಿಸಬೇಕು. ಅದಕ್ಕೆ ಮೊದಲೇ ಮಾಡಿಸಿ ವರ್ಷ ವರ್ಷ ನವೀಕರಿಸುತ್ತ ಬಂದ ಪಾಲಿಸಿ ನಿಮ್ಮದಾಗಿದ್ದರೆ ಒಮ್ಮೆ ತೆಗೆದು ನೋಡಿ.

ಎಡಿಸನ್ ಸುತ್ತಮುತ್ತ ಕನ್ನಡಿಗರು ಬಹಳವಾಗಿರುವ ನ್ಯೂಜೆರ್ಸಿಯಲ್ಲಿ ಸ್ಟ್ಯಾಂಡರ್ಡ್ ಪಾಲಿಸಿ, ಬೇಸಿಕ್ ಪಾಲಿಸಿ ಎಂಬ ಎರಡು ಬಗೆಗಳು ಎದುರಾಗುತ್ತವೆ. ಸ್ಟ್ಯಾಂಡರ್ಡ್‌ನಲ್ಲಿ ಯುಎಂ ಕಡ್ಡಾಯವಾಗಿ ಇರುತ್ತದೆ. ಬೇಸಿಕ್‌ನಲ್ಲಿ ಯುಎಂ ಇಲ್ಲ, ಹಣ ಕೊಡುತ್ತೇನೆಂದರೂ ಸೇರಿಸಲು ಬರುವುದಿಲ್ಲ. ಕಂತು ಕಡಿಮೆ ಎಂದು ಬೇಸಿಕ್ ಆರಿಸಿಕೊಂಡ ಕುಟುಂಬಕ್ಕೆ, ಅದೇ ರೀತಿ ಯೋಚಿಸಿದ ಇನ್ನೊಬ್ಬ ಚಾಲಕ ಬಂದು ಗುದ್ದಿದಾಗ, ಎರಡೂ ಕಡೆ ಕೈ ಖಾಲಿ.

ಫ್ಲಾರಿಡಾದ ಸ್ಥಿತಿ ಇನ್ನೂ ಕಳವಳದ್ದು. ಅಲ್ಲಿ ಸಾಮಾನ್ಯ ಕಾರಿನ ಮಾಲೀಕರಿಗೆ ಕಡ್ಡಾಯವಾಗಿರುವುದು 10,000 ಡಾಲರಿನ ಪರ್ಸನಲ್ ಇಂಜುರಿ ಪ್ರೊಟೆಕ್ಷನ್ (ತಪ್ಪು ಯಾರದೇ ಆದರೂ ತಮ್ಮ ಸ್ವಂತ ಗಾಯದ ಖರ್ಚಿಗೆ ಬರುವ ವಿಮೆ) ಮತ್ತು 10,000 ಡಾಲರಿನ ಆಸ್ತಿ ನಷ್ಟದ ವಿಮೆ ಮಾತ್ರ. ಬೇರೆಯವರ ದೇಹಕ್ಕೆ ಮಾಡಿದ ಗಾಯಕ್ಕೆ ವಿಮೆ ಮಾಡಿಸಲೇಬೇಕೆಂಬ ಸಾಮಾನ್ಯ ನಿಯಮವಿಲ್ಲ. ಕಾನೂನನ್ನು ಪೂರ್ತಿ ಪಾಲಿಸಿದ ಚಾಲಕನೂ ನಿಮ್ಮ ಗಾಯದ ಮಟ್ಟಿಗೆ ವಿಮೆ ಇಲ್ಲದವನೇ ಆಗಿರಬಹುದು. ಅಂಥ ರಾಜ್ಯದಲ್ಲಿ ಯುಎಂ ಬಿಡುವುದನ್ನು ನಾನು ಯಾರಿಗೂ ಯಾವ ಕಾರಣಕ್ಕೂ ಸೂಚಿಸಲಾರೆ. ನ್ಯೂಹ್ಯಾಂಪ್‌ಶೈರ್‌ನಲ್ಲಿ ಕಾರು ವಿಮೆಯೇ ಕಡ್ಡಾಯವಲ್ಲ, ಆದರೆ ಪಾಲಿಸಿ ಕೊಂಡರೆ ಅದರಲ್ಲಿ ಯುಎಂ ಇರಲೇಬೇಕು. ವರ್ಜೀನಿಯಾದಲ್ಲಿ 500 ಡಾಲರ್ ಶುಲ್ಕ ಕಟ್ಟಿ ವಿಮೆ ಇಲ್ಲದೆಯೇ ಕಾರು ನೋಂದಾಯಿಸುವ ಅವಕಾಶ 2024ರ ಜೂನ್‌ವರೆಗೂ ಇತ್ತು. ಜುಲೈ 1ರಿಂದ ಅದನ್ನು ತೆಗೆದುಹಾಕಲಾಗಿದೆ.

ಕನಿಷ್ಠ ಮಿತಿಗಳು ಈಚೆಗೆ ಒಂದಾದ ಮೇಲೊಂದು ರಾಜ್ಯದಲ್ಲಿ ಬದಲಾಗುತ್ತಿರುವುದರಿಂದ, ನವೀಕರಣಕ್ಕೆ ಮುನ್ನ ನಿಮ್ಮ ರಾಜ್ಯದ ವಿಮಾ ಇಲಾಖೆಯ ಜಾಲತಾಣದಲ್ಲಿ ಚಾಲ್ತಿಯಲ್ಲಿರುವ ಅಂಕಿಯನ್ನು ನೋಡಿಕೊಳ್ಳಬೇಕು.

ನಿಮ್ಮ ಪಾಲಿಸಿಯನ್ನು ಓದುವುದು ಹೇಗೆ

ಪಾಲಿಸಿ ಎಷ್ಟೇ ಪುಟಗಳದ್ದಾಗಿರಲಿ, ಮೊದಲು ತೆರೆಯಬೇಕಾದದ್ದು ಡಿಕ್ಲರೇಷನ್ಸ್ ಪೇಜ್. ಕಂಪನಿಯ ಆ್ಯಪಿನಲ್ಲಿ ಕಾಣುವ ಇನ್ಶೂರೆನ್ಸ್ ಕಾರ್ಡ್ ಇದಲ್ಲ. ಆ ಕಾರ್ಡಿನಲ್ಲಿ ಮಿತಿಗಳ ವಿವರ ಸಾಮಾನ್ಯವಾಗಿ ಇರುವುದಿಲ್ಲ. ಡಿಕ್ಲರೇಷನ್ಸ್ ಪೇಜಿನಲ್ಲಿ ಮೇಲೆ ಹೆಸರುಗಳು, ಕೆಳಗೆ ಕಾರುಗಳ ಪಟ್ಟಿ, ಅದರಡಿಯಲ್ಲಿ ಸಾಲುಸಾಲಾಗಿ ಕವರೇಜುಗಳು, ಬಲಗಡೆ ಪ್ರತಿಯೊಂದರ ಮಿತಿ ಮತ್ತು ಕಂತು ಇರುತ್ತವೆ. ಬಾಡಿಲಿ ಇಂಜುರಿ ಲಯಬಿಲಿಟಿ ಎಂಬ ಸಾಲಿನ ಎದುರು 100,000/300,000 ಎಂದಿದ್ದರೆ ಬೆರಳನ್ನು ಕೆಳಗೆ ಸರಿಸಿ ಅನ್‌ಇನ್ಶೂರ್ಡ್ ಮೋಟರಿಸ್ಟ್ ಎಂಬ ಸಾಲನ್ನು ಹುಡುಕಿ. ಅಲ್ಲಿಯೂ 100,000/300,000 ಎಂದೇ ಇದ್ದರೆ ಸರಿ. ಬರೀ ಕನಿಷ್ಠದ ಅಂಕಿ ಇದ್ದರೆ, ಬೇರೆಯವರ ದೇಹಕ್ಕೆ ಲಕ್ಷದ ಬೆಲೆ ಕಟ್ಟಿ ನಿಮ್ಮ ಮಕ್ಕಳ ದೇಹಕ್ಕೆ ಅದರ ಒಂದು ಪಾಲನ್ನಷ್ಟೇ ಇಟ್ಟಿದ್ದೀರಿ ಎಂದರ್ಥ. ರಿಜೆಕ್ಟೆಡ್, ಡಿಕ್ಲೈನ್ಡ್, ನಾಟ್ ಕವರ್ಡ್ ಎಂಬ ಮಾತುಗಳು ಕಂಡರೆ, ಅಥವಾ ಆ ಸಾಲೇ ಇಲ್ಲದಿದ್ದರೆ, ಅದೇ ದಿನ ಏಜೆಂಟರಿಗೆ ಇ-ಮೇಲ್ ಬರೆದು ಸೇರಿಸಲು ಹೇಳಿ. ಫೋನಿನಲ್ಲಿ ಮಾತಾಡಿದರೂ ಬದಲಾದ ಡಿಕ್ಲರೇಷನ್ಸ್ ಪೇಜ್ ಕೈಗೆ ಬರುವ ತನಕ ಕೆಲಸ ಮುಗಿದಿಲ್ಲ.

ನಿರಾಕರಣೆಯ ಸಹಿಯನ್ನು ನೀವು ಯಾವತ್ತೂ ಮಾಡಿಲ್ಲ ಎನಿಸಬಹುದು. ಆನ್‌ಲೈನಿನಲ್ಲಿ ಪಾಲಿಸಿ ಕೊಳ್ಳುವಾಗ ಕೊನೆಯಲ್ಲಿ ಬರುವ ಇ-ಸಹಿಯ ಕಟ್ಟಿನಲ್ಲಿ ಒಂದರ ಹಿಂದೆ ಒಂದು ಹಳದಿ ಗುಂಡಿಗಳನ್ನು ಒತ್ತುತ್ತ ಹೋಗುತ್ತೇವೆ. ಯುಎಂ ನಿರಾಕರಣೆಯ ಪತ್ರ ಆ ಕಟ್ಟಿನ ನಡುವೆ ಇರಬಹುದು. ಹಾಗೆ ಒತ್ತಿದ ಸಹಿಯೂ ಸಹಿಯೇ. ಇದರ ಪರಿಣಾಮ ಸಹಿ ಮಾಡಿದ ಒಬ್ಬರಿಗೆ ಮಾತ್ರ ಸೀಮಿತವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪಾಲಿಸಿಯಲ್ಲಿ ಹೆಸರಿರುವ ಯಾರಾದರೊಬ್ಬರು ನಿರಾಕರಿಸಿದರೆ ಅದು ಆ ಪಾಲಿಸಿಯಡಿ ಬರುವ ಎಲ್ಲರನ್ನೂ ಕಟ್ಟಿಹಾಕುತ್ತದೆ. ಟೆಕ್ಸಸ್‌ನಲ್ಲಿಯೂ ಹೆಸರಿರುವ ಒಬ್ಬರ ಲಿಖಿತ ನಿರಾಕರಣೆ ಸಾಕು. ಗಂಡ ರಾತ್ರಿ ಹನ್ನೊಂದಕ್ಕೆ ಆತುರದಲ್ಲಿ ಒತ್ತಿದ ಗುಂಡಿ ಹೆಂಡತಿಗೂ ಮಕ್ಕಳಿಗೂ ಅನ್ವಯಿಸುತ್ತದೆ, ಮತ್ತು ಬದಲಿಸಬೇಕೆಂದು ನೀವು ಕೇಳುವ ತನಕ ಪ್ರತಿ ನವೀಕರಣದಲ್ಲಿಯೂ ಹಾಗೆಯೇ ಮುಂದುವರಿಯುತ್ತದೆ.

ಮಿತಿ ಎಷ್ಟಿರಬೇಕು ಎಂಬುದಕ್ಕೆ ನನ್ನ ಉತ್ತರ ಸರಳ: ಲಯಬಿಲಿಟಿಯಷ್ಟೇ ಇರಲಿ. ಅನೇಕ ಕಂಪನಿಗಳು ಅದಕ್ಕಿಂತ ಹೆಚ್ಚು ಕೊಡುವುದೂ ಇಲ್ಲ. ನ್ಯೂಜೆರ್ಸಿಯಲ್ಲಂತೂ ಯುಎಂ ಮಿತಿ ಲಯಬಿಲಿಟಿಯನ್ನು ಮೀರುವಂತಿಲ್ಲ. ಆದ್ದರಿಂದ ಯುಎಂ ಹೆಚ್ಚಿಸಬೇಕಾದರೆ ಮೊದಲು ಲಯಬಿಲಿಟಿಯನ್ನು ಹೆಚ್ಚಿಸಿಕೊಳ್ಳಬೇಕು. ಮನೆ ಕೊಂಡವರು ಹತ್ತು ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿ (ಕಾರು, ಮನೆ ವಿಮೆಗಳ ಮಿತಿಯ ಮೇಲೆ ಕೂಡುವ ಹೆಚ್ಚುವರಿ ಲಯಬಿಲಿಟಿ ವಿಮೆ) ಮಾಡಿಸಿ ನಿಶ್ಚಿಂತರಾಗಿರುತ್ತಾರೆ. ಆ ಪಾಲಿಸಿ ಸಾಮಾನ್ಯವಾಗಿ ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕಷ್ಟೇ, ಯುಎಂ ಭಾಗವನ್ನು ಬೇರೆಯಾಗಿ ಕೇಳಿ ಹಣ ಕೊಟ್ಟು ಸೇರಿಸಿದ್ದರೆ ಮಾತ್ರ ನಿಮಗೆ ಬರುತ್ತದೆ. ಎಲ್ಲ ಕಂಪನಿಗಳೂ ಅದನ್ನು ಕೊಡುವುದಿಲ್ಲ, ಕೊಡುವ ಕಂಪನಿಯನ್ನು ಹುಡುಕುವುದು ಶ್ರಮಕ್ಕೆ ತಕ್ಕ ಕೆಲಸ.

ಯುಐಎಂ ಲೆಕ್ಕ

ಮಿತಿ ಹೆಚ್ಚಿರಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಅಂಡರ್‌ಇನ್ಶೂರ್ಡ್ ಭಾಗದ ಲೆಕ್ಕದಲ್ಲಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 30/60ರ ಪಾಲಿಸಿ ಇರುವ ಚಾಲಕ ನಿಮಗೆ ಗುದ್ದಿದ ಎಂದುಕೊಳ್ಳಿ. ಬೆನ್ನಿನ ಶಸ್ತ್ರಚಿಕಿತ್ಸೆ, ಸಂಬಳದ ನಷ್ಟ, ನೋವು ಎಲ್ಲ ಸೇರಿ ನಿಮ್ಮ ನಷ್ಟ 150,000 ಡಾಲರ್. ಅವನ ಕಂಪನಿ 30,000 ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನಿಮ್ಮ ಯುಐಎಂ 100/300 ಇದ್ದರೆ ಕಂಪನಿ 100,000 ಕೊಡುತ್ತದೆ ಎಂದು ಭಾವಿಸುವುದು ತಪ್ಪು. ಅಲ್ಲಿನ ಕಾನೂನು ಗುದ್ದಿದವನಿಂದ ಬಂದ ಹಣವನ್ನು ನಿಮ್ಮ ಮಿತಿಯಿಂದ ಕಳೆಯುತ್ತದೆ. ಸಿಗುವುದು 70,000, ಒಟ್ಟು 100,000. ನಿಮ್ಮ ಯುಐಎಂ ಮಿತಿಯೂ 30/60 ಆಗಿದ್ದರೆ ಸಿಗುವುದು ಸೊನ್ನೆ, ಯಾಕೆಂದರೆ ಅವನ ಮಿತಿ ನಿಮ್ಮ ಮಿತಿಗಿಂತ ಕಡಿಮೆಯಿಲ್ಲ, ಆದ್ದರಿಂದ ಕಾನೂನಿನ ಕಣ್ಣಿನಲ್ಲಿ ಅವನ ವಿಮೆ ಸಾಲದ್ದು ಎಂದೇ ಆಗುವುದಿಲ್ಲ. ಕನಿಷ್ಠ ಮಿತಿಯ ಯುಐಎಂ ಇಟ್ಟುಕೊಂಡವರ ಕೈಗೆ ಅದರಿಂದ ಹಣ ಬರುವ ಸಂದರ್ಭ ಇಲ್ಲವೆನ್ನುವಷ್ಟು ಅಪರೂಪ.

ಇದೇ ಅಪಘಾತ ಜಾರ್ಜಿಯಾದಲ್ಲಿ ಆಗಿದ್ದರೆ ಲೆಕ್ಕ ಬೇರೆ. ಅಲ್ಲಿ ಆ್ಯಡ್-ಆನ್ ಮತ್ತು ರಿಡ್ಯೂಸ್ಡ್-ಬೈ ಎಂಬ ಎರಡು ಆಯ್ಕೆಗಳಿವೆ. ಆ್ಯಡ್-ಆನ್ ಇದ್ದರೆ ನಿಮ್ಮ ಮಿತಿ ಗುದ್ದಿದವನ ಹಣದ ಮೇಲೆ ಕೂಡುತ್ತದೆ, ಹಾಗಾಗಿ ಮೇಲಿನ ಉದಾಹರಣೆಯಲ್ಲಿ ಒಟ್ಟು 130,000ದ ತನಕ ಪಡೆಯಬಹುದು. 2009ರಿಂದ ಅಲ್ಲಿ ಆ್ಯಡ್-ಆನ್ ತಾನಾಗಿಯೇ ಬರುವ ಆಯ್ಕೆ. ವರ್ಜೀನಿಯಾ 2023ರ ಜುಲೈಯಿಂದ ಇದೇ ದಾರಿಗೆ ಬಂದಿದೆ. ಎರಡೂ ಕಡೆ ಸ್ವಲ್ಪ ಕಂತು ಉಳಿಸಲು ಕಳೆಯುವ ಬಗೆಯನ್ನು ಆರಿಸಿಕೊಳ್ಳುವ ಅವಕಾಶವಿದೆ, ಆರಿಸಿಕೊಳ್ಳಬೇಡಿ.

ಕಾರಿನ ನಷ್ಟದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಕೊಲಿಷನ್ ಇದ್ದವರಿಗೆ ಕಾರಿನ ರಿಪೇರಿ ಅದರಿಂದಲೇ ಆಗುತ್ತದೆ. ಹಳೆಯ ಕಾರೆಂದು ಕೊಲಿಷನ್ ತೆಗೆಸಿದವರು ಯುಎಂಪಿಡಿ ಎಂಬ ಆಸ್ತಿ ನಷ್ಟದ ಭಾಗವನ್ನು ನೋಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಅದರ ಮಿತಿ 3,500 ಡಾಲರ್ ಮಾತ್ರ, ಗುದ್ದಿದ ವಾಹನ ಅಥವಾ ಚಾಲಕ ಯಾರೆಂದು ತಿಳಿದಿರಬೇಕು. ಟೆಕ್ಸಸ್‌ನಲ್ಲಿ 250 ಡಾಲರ್ ಡಿಡಕ್ಟಿಬಲ್, ಅಂದರೆ ನೀವೇ ಭರಿಸಬೇಕಾದ ಮೊದಲ ಪಾಲು, ಇರುತ್ತದೆ.

ಊರಿನಿಂದ ಬಂದ ಅಪ್ಪ ಅಮ್ಮ

ಬೇಸಿಗೆ ಬಂತೆಂದರೆ ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಅಪ್ಪ ಅಮ್ಮ, ಅತ್ತೆ ಮಾವ ಬಂದು ಕೆಲವು ತಿಂಗಳು ಉಳಿಯುವ ಮನೆಗಳಲ್ಲಿ ಈ ವಿಚಾರವನ್ನು ವಿಶೇಷವಾಗಿ ಯೋಚಿಸಬೇಕು. ಅವರು ನಿಮ್ಮ ವಿಮೆ ಮಾಡಿಸಿದ ಕಾರಿನಲ್ಲಿ ಕುಳಿತಿರುವಾಗ ಅಪಘಾತವಾದರೆ ತೊಂದರೆಯಿಲ್ಲ, ಆ ಕಾರಿನ ಪ್ರಯಾಣಿಕರೆಂಬ ನೆಲೆಯಲ್ಲಿ ಅವರಿಗೆ ಯುಎಂ ಸಿಗುತ್ತದೆ. ಆದರೆ ಸಂಜೆ ವಾಕಿಂಗ್ ಹೋದಾಗ ರಸ್ತೆ ದಾಟುವಲ್ಲಿ ವಿಮೆ ಇಲ್ಲದ ಕಾರು ಗುದ್ದಿದರೆ ಪ್ರಶ್ನೆ ಏಳುತ್ತದೆ. ಪಾದಚಾರಿಯಾಗಿರುವಾಗ ನಿಮ್ಮ ಪಾಲಿಸಿಯ ಯುಎಂ ಪಾಲಿಸಿದಾರರಿಗೆ, ಅವರ ಗಂಡ ಅಥವಾ ಹೆಂಡತಿಗೆ ಮತ್ತು ಅದೇ ಮನೆಯಲ್ಲಿ ವಾಸವಾಗಿರುವ ಸಂಬಂಧಿಕರಿಗೆ ಮಾತ್ರ ಅನ್ವಯಿಸುತ್ತದೆ. ಪ್ರವಾಸಿ ವೀಸಾದ ಮೇಲೆ ಬಂದು ಆರು ತಿಂಗಳೊಳಗೆ ಹಿಂದಿರುಗುವ, ಊರಿನಲ್ಲಿ ಸ್ವಂತ ಮನೆ ಇರುವ ತಂದೆ ತಾಯಿಯನ್ನು ಮನೆಯಲ್ಲಿ ವಾಸವಾಗಿರುವವರು ಎಂದು ಒಪ್ಪಲು ಕಂಪನಿ ತಕರಾರು ತೆಗೆಯುವ ಸಾಧ್ಯತೆ ಬಹಳ. ಅವರು ಬರುವ ಮೊದಲೇ ಕಂಪನಿಗೆ ಇ-ಮೇಲ್ ಮೂಲಕ ಈ ಪ್ರಶ್ನೆ ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕವರೇಜ್ ಇಲ್ಲವೆಂದು ಉತ್ತರ ಬಂದರೆ ಅವರ ವಿಸಿಟರ್ ವಿಮೆಯನ್ನು ಅಗ್ಗದ ಯೋಜನೆಯಲ್ಲಿ ಮುಗಿಸದೆ ಅಪಘಾತಕ್ಕೆ ದೊಡ್ಡ ಮಿತಿ ಇರುವುದನ್ನು ಕೊಳ್ಳಿ.

ನಿಮ್ಮ ಮಕ್ಕಳು ಸೈಕಲ್ಲಿನಲ್ಲಿ ಹೋಗುವಾಗಲೂ ನೀವು ಗೆಳೆಯರ ಕಾರಿನಲ್ಲಿ ಕುಳಿತಿರುವಾಗಲೂ ನಿಮ್ಮ ಯುಎಂ ಜೊತೆಗಿರುತ್ತದೆ. ಒಂದು ಮುಖ್ಯ ಅಪವಾದವೆಂದರೆ, ನಿಮ್ಮದೇ ಆದರೂ ಈ ಪಾಲಿಸಿಯಲ್ಲಿ ನಮೂದಿಸದ ಇನ್ನೊಂದು ಕಾರಿನಲ್ಲಿರುವಾಗ ಆದ ಗಾಯಕ್ಕೆ ಸಾಮಾನ್ಯವಾಗಿ ಕವರೇಜ್ ಇರುವುದಿಲ್ಲ.

ಸ್ವಂತ ಕಾರಿಗೆ ವಿಮೆ ಮಾಡಿಸದೆ ಓಡಿಸುವವರು ಇನ್ನೊಂದನ್ನೂ ತಿಳಿದಿರಬೇಕು. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಒಪ್ಪಿದ 213ನೇ ಪ್ರಸ್ತಾವದ ಪ್ರಕಾರ, ವಿಮೆ ಇಲ್ಲದ ಕಾರಿನ ಮಾಲೀಕ ಅಥವಾ ಚಾಲಕ ತನ್ನ ತಪ್ಪಿಲ್ಲದೆ ಗಾಯಗೊಂಡರೂ ನೋವಿಗಾಗಿ ಪರಿಹಾರ ಕೇಳುವಂತಿಲ್ಲ. ಕಂತು ಕಟ್ಟುವ ದಿನ ತಪ್ಪಿ ಪಾಲಿಸಿ ಬಿದ್ದುಹೋಗಿದ್ದರೂ ಇದು ಅನ್ವಯಿಸುತ್ತದೆ, ಆದ್ದರಿಂದ ಊರಿಗೆ ಹೋಗುವ ಮುನ್ನ ಆಟೋಪೇ ಸರಿಯಾಗಿದೆಯೇ ಎಂದು ನೋಡಿಕೊಂಡು ಹೋಗಬೇಕು.

ಅಪಘಾತವಾದ ಮೇಲೆ

ಸ್ಥಳದಲ್ಲಿಯೇ 911ಕ್ಕೆ ಕರೆ ಮಾಡಿ ಪೊಲೀಸರನ್ನು ಕರೆಸಿ. ಸಣ್ಣದು, ನಾವೇ ಬಗೆಹರಿಸಿಕೊಳ್ಳೋಣ ಎಂದು ಎದುರಿನವರು ಹೇಳಿದರೆ ಅವರಿಗೆ ವಿಮೆ ಇಲ್ಲದಿರುವ ಸಾಧ್ಯತೆಯನ್ನು ಮನಸ್ಸಿನಲ್ಲಿಡಿ. ನಂಬರ್ ಪ್ಲೇಟ್, ಚಾಲನಾ ಪರವಾನಗಿ, ವಿಮಾ ಕಾರ್ಡ್ ಇವುಗಳ ಫೋಟೊ ತೆಗೆದುಕೊಳ್ಳಿ. ಸಾಕ್ಷಿಗಳ ಫೋನ್ ನಂಬರ್ ಕೇಳಿ ಬರೆದುಕೊಳ್ಳಿ. ಕಾರ್ಡ್ ತೋರಿಸಿದ ಮಾತ್ರಕ್ಕೆ ಪಾಲಿಸಿ ಜೀವಂತವಾಗಿದೆ ಎನ್ನಲಾಗದು, ಅದು ರದ್ದಾದ ಪಾಲಿಸಿಯ ಹಳೆಯ ಕಾರ್ಡಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಯಾರಿಗಾದರೂ ಗಾಯವಾಗಿದ್ದರೆ ಅಥವಾ ನಷ್ಟ 1,000 ಡಾಲರ್ ಮೀರಿದ್ದರೆ 10 ದಿನಗಳೊಳಗೆ ರಾಜ್ಯದ ವಾಹನ ಇಲಾಖೆಯಾದ ಡಿಎಂವಿಗೆ ಎಸ್‌ಆರ್-1 ನಮೂನೆ ಸಲ್ಲಿಸಬೇಕು. ಪೊಲೀಸರು ವರದಿ ಬರೆದಿದ್ದರೂ ಇದು ಬೇರೆಯಾಗಿ ಆಗಬೇಕಾದ ಕೆಲಸ.

ಗುದ್ದಿ ಓಡಿಹೋದವರ ಪ್ರಕರಣವೂ ಯುಎಂ ಅಡಿಯಲ್ಲಿ ಬರುತ್ತದೆ, ಆದರೆ ಇಲ್ಲಿ ನಿಯಮ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಿರಬೇಕು, ಅನಂತರ 30 ದಿನಗಳೊಳಗೆ ಪ್ರಮಾಣ ಮಾಡಿದ ಹೇಳಿಕೆಯನ್ನು ಕಂಪನಿಗೆ ಕೊಡಬೇಕು, ಮತ್ತು ಆ ವಾಹನ ನಿಮಗೆ ಅಥವಾ ನಿಮ್ಮ ಕಾರಿಗೆ ನಿಜವಾಗಿ ತಾಗಿರಬೇಕು. ಅಡ್ಡ ಬಂದ ಕಾರನ್ನು ತಪ್ಪಿಸಲು ಹೋಗಿ ನೀವು ಕಂಬಕ್ಕೆ ಗುದ್ದಿದರೆ, ಆ ಕಾರು ತಾಗದೆ ಹೋಗಿದ್ದರೆ, ಅಲ್ಲಿ ಕ್ಲೇಮು ನಿಲ್ಲುವುದಿಲ್ಲ. ಟೆಕ್ಸಸ್‌ನಲ್ಲಿಯೂ ತಾಗಿರಲೇಬೇಕು. ವಾಷಿಂಗ್ಟನ್ ರಾಜ್ಯ ಈ ವಿಷಯದಲ್ಲಿ ಉದಾರ: ತಾಗದಿದ್ದರೂ ಸರಿ, ಆದರೆ 72 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಿರಬೇಕು ಮತ್ತು ನಿಮ್ಮ ಮಾತಲ್ಲದೆ ಬೇರೆ ಪುರಾವೆ ಇರಬೇಕು. ಡ್ಯಾಶ್‌ಕ್ಯಾಮ್ ಇಟ್ಟುಕೊಳ್ಳುವುದಕ್ಕೆ ಇಷ್ಟೇ ಕಾರಣ ಸಾಕು.

ಆಸ್ಪತ್ರೆಗೆ ಅದೇ ದಿನ ಹೋಗಿ. ಕುತ್ತಿಗೆ ನೋವು ತಾನಾಗಿ ಹೋಗುತ್ತದೆಂದು ಮೂರು ವಾರ ಕಾದು ವೈದ್ಯರನ್ನು ಕಂಡರೆ, ಆ ನೋವು ಅಪಘಾತದಿಂದ ಬಂದದ್ದಲ್ಲವೆಂದು ವಾದಿಸಲು, ಕ್ಲೇಮನ್ನು ಪರಿಶೀಲಿಸುವ ವಿಮಾ ಕಂಪನಿಯ ಪ್ರತಿನಿಧಿಯಾದ ಅಡ್ಜಸ್ಟರ್‌ಗೆ ನೀವೇ ಅವಕಾಶ ಕೊಟ್ಟಂತೆ. ರಜೆಯ ಲೆಕ್ಕ, ಸಂಬಳದ ಚೀಟಿ, ಔಷಧಿಯ ರಸೀದಿ ಎಲ್ಲವನ್ನೂ ಒಂದೆಡೆ ಇಡಿ.

ನಿಮ್ಮ ಕಂಪನಿಯೊಡನೆ ವ್ಯವಹಾರ

ಯುಎಂ ಕ್ಲೇಮಿನಲ್ಲಿ ಅನೇಕರಿಗೆ ಆಘಾತವಾಗುವುದು ಇಲ್ಲಿಯೇ. ವರ್ಷಗಟ್ಟಲೆ ಕಂತು ಕಟ್ಟಿಸಿಕೊಂಡ ಕಂಪನಿ ಈಗ ಗುದ್ದಿದವನ ಸ್ಥಾನದಲ್ಲಿ ನಿಂತಿರುವುದರಿಂದ, ಅವನ ಪರವಾಗಿ ಯಾವ ವಾದ ಮಾಡಬಹುದೋ ಅದನ್ನೆಲ್ಲ ಮಾಡುತ್ತದೆ: ತಪ್ಪು ನಿಮ್ಮದೂ ಇತ್ತು, ಗಾಯ ಹಳೆಯದು, ಚಿಕಿತ್ಸೆ ಹೆಚ್ಚಾಯಿತು. ಪಾಲಿಸಿಯ ಪ್ರಕಾರ ಕಂಪನಿಗೆ ಸಹಕರಿಸುವುದು ನಿಮ್ಮ ಕರ್ತವ್ಯ, ಆದ್ದರಿಂದ ಹೇಳಿಕೆ ಕೊಡುವುದಿಲ್ಲವೆಂದು ಹಠ ಹಿಡಿಯುವಂತಿಲ್ಲ. ಆದರೆ ಗಾಯ ದೊಡ್ಡದಾಗಿದ್ದರೆ ಹೇಳಿಕೆಗೆ ಮೊದಲೇ ವಕೀಲರನ್ನು ಕಾಣಿ. ಇಂಥ ಪ್ರಕರಣಗಳನ್ನು ವಕೀಲರು ಸಾಮಾನ್ಯವಾಗಿ ಗೆದ್ದ ಹಣದಲ್ಲಿ ಪಾಲು ಎಂಬ ಒಪ್ಪಂದದ ಮೇಲೆ ನಡೆಸುತ್ತಾರೆ, ಮುಂಗಡ ಶುಲ್ಕ ಇರುವುದಿಲ್ಲ.

ಗುದ್ದಿದವನ ಕಂಪನಿಯೊಂದಿಗೆ ರಾಜಿ ಮಾಡಿಕೊಳ್ಳುವ ಮುನ್ನ ನಿಮ್ಮ ಕಂಪನಿಗೆ ಲಿಖಿತವಾಗಿ ತಿಳಿಸಿ, ಒಪ್ಪಿಗೆ ಪಡೆಯಿರಿ. ಪೂರ್ತಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ 30,000ದ ಚೆಕ್ ತೆಗೆದುಕೊಂಡ ಮೇಲೆ, ಗುದ್ದಿದವನಿಂದ ವಸೂಲು ಮಾಡುವ ತನ್ನ ಹಕ್ಕು ಹೋಯಿತೆಂದು ನಿಮ್ಮ ಕಂಪನಿ ಉಳಿದ ಹಣವನ್ನು ನಿರಾಕರಿಸಬಹುದು. ಆರೋಗ್ಯ ವಿಮೆಯವರು ತಾವು ಕೊಟ್ಟ ಖರ್ಚನ್ನು ನಿಮ್ಮ ಪರಿಹಾರದಿಂದ ವಾಪಸು ಕೇಳುವ ಹಕ್ಕು ಹೊಂದಿರಬಹುದು. ಬಂದ ಚೆಕ್ಕನ್ನು ಖರ್ಚು ಮಾಡುವ ಮೊದಲು ಅದನ್ನು ವಿಚಾರಿಸಿ.

ಮೊತ್ತದ ಬಗ್ಗೆ ಒಮ್ಮತ ಬಾರದಿದ್ದರೆ ಮುಂದಿನ ದಾರಿ ರಾಜ್ಯವನ್ನು ಅವಲಂಬಿಸುತ್ತದೆ. ಟೆಕ್ಸಸ್‌ನ ಸುಪ್ರೀಂ ಕೋರ್ಟ್ 2006ರ ತೀರ್ಪಿನಲ್ಲಿ, ಗುದ್ದಿದವನ ತಪ್ಪು ಮತ್ತು ನಷ್ಟದ ಮೊತ್ತ ನ್ಯಾಯಾಲಯದಲ್ಲಿ ತೀರ್ಮಾನವಾಗುವ ತನಕ ಯುಎಂ ಹಣ ಕೊಡುವ ಕರಾರಿನ ಹೊಣೆ ಕಂಪನಿಗೆ ಹುಟ್ಟುವುದಿಲ್ಲ ಎಂದು ಹೇಳಿತು. ಹಾಗಾಗಿ ಅಲ್ಲಿ ಒಮ್ಮತವಾಗದಿದ್ದರೆ ಕೋರ್ಟೇ ಗತಿ. ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಒಬ್ಬ ತಟಸ್ಥ ಮಧ್ಯಸ್ಥಗಾರರ ಮುಂದೆ ವಿವಾದವನ್ನು ಒಯ್ಯುತ್ತದೆ. ಅಲ್ಲಿ ಕಂಪನಿ ನಿಮ್ಮ ಕ್ಲೇಮಿಗೆ 15 ದಿನಗಳೊಳಗೆ ಉತ್ತರಿಸಬೇಕು, ಪುರಾವೆ ಸಿಕ್ಕ 40 ದಿನಗಳೊಳಗೆ ಒಪ್ಪಿಗೆ ಅಥವಾ ನಿರಾಕರಣೆ ತಿಳಿಸಬೇಕು, ಇಲ್ಲವೇ ಇನ್ನೂ ಸಮಯ ಏಕೆ ಬೇಕೆಂದು ಬರೆದು ತಿಳಿಸಬೇಕು. ಸುಮ್ಮನೆ ಎಳೆದಾಡುತ್ತಿದ್ದರೆ ರಾಜ್ಯದ ವಿಮಾ ಇಲಾಖೆಗೆ ಆನ್‌ಲೈನಿನಲ್ಲಿಯೇ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಇಲಾಖೆಗೆ ದೂರು ಕೊಟ್ಟದ್ದರಿಂದ ಕಾಲಮಿತಿ ನಿಲ್ಲುತ್ತದೆಂದು ನಂಬಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಯುಎಂ ಕ್ಲೇಮಿಗೆ ಅಪಘಾತದ ದಿನದಿಂದ 2 ವರ್ಷ. ಅಷ್ಟರೊಳಗೆ ವಿಮೆ ಇಲ್ಲದ ಚಾಲಕನ ಮೇಲೆ ದಾವೆ ಹೂಡಿರಬೇಕು, ಅಥವಾ ಕಂಪನಿಯೊಂದಿಗೆ ಮೊತ್ತದ ಒಪ್ಪಂದವಾಗಿರಬೇಕು, ಅಥವಾ ಮಧ್ಯಸ್ಥಿಕೆ ಬೇಕೆಂದು ವಿಧ್ಯುಕ್ತವಾಗಿ ಕೇಳಿರಬೇಕು. ಕೊನೆಯದನ್ನು ಇ-ಮೇಲಿನಲ್ಲಿಯೋ ಫೋನಿನಲ್ಲಿಯೋ ಕೇಳಿದರೆ ಸಾಲದು. ಕಾನೂನು ಹೇಳುವುದು ಸರ್ಟಿಫೈಡ್ ಮೇಲ್, ಸ್ವೀಕೃತಿ ರಸೀದಿಯೊಡನೆ. ಅಡ್ಜಸ್ಟರ್ ಸೌಜನ್ಯದಿಂದ ಮಾತಾಡುತ್ತಿದ್ದಾರೆ, ಮಾತುಕತೆ ನಡೆಯುತ್ತಿದೆ ಎಂಬ ಭರವಸೆಯಲ್ಲಿ ಆ ದಿನ ದಾಟಿಹೋದರೆ ಹಕ್ಕೂ ಹೋಗುತ್ತದೆ. ಅಪಘಾತವಾದ ವಾರದಲ್ಲಿಯೇ ಕ್ಯಾಲೆಂಡರಿನಲ್ಲಿ 18 ತಿಂಗಳ ನಂತರದ ದಿನವನ್ನು ಗುರುತು ಹಾಕಿಕೊಳ್ಳಿ. ಅಂದಿಗೆ ವಿವಾದ ಮುಗಿದಿರದಿದ್ದರೆ ಮಧ್ಯಸ್ಥಿಕೆಯ ಪತ್ರವನ್ನು ಅಂಚೆ ಕಚೇರಿಗೆ ಒಯ್ದು ಕಳುಹಿಸಿ, ಹಸಿರು ಸ್ವೀಕೃತಿ ಕಾರ್ಡ್ ಸಹಿಯಾಗಿ ಬಂದ ಮೇಲೆ ಅದನ್ನು ಕ್ಲೇಮಿನ ಕಡತದಲ್ಲಿ ಸೇರಿಸಿಡಿ.